ಔಷಧಿಯೆಂದ ಮೇಲೆ ಮುಚ್ಚುಮರೆ ಏಕೆ?

"ಡಾಕ್ಟರು ಬರೆದುಕೊಟ್ಟಿದ್ದಾರೆ, ಕಾನೂನಿನ ಅಡ್ಡಿಯಿಲ್ಲ. ಇನ್ನು ಮನೆಯವರಿಗೆ ಯಾಕೆ ಹೇಳಬೇಕು? ಕೇಳಿದರೆ ನರಗಳಿಗೆ ಆಯುರ್ವೇದದ ಎಣ್ಣೆ ಅಂದರಾಯಿತು." ವಾಸಿಯಾಗದ ನೋವಿಗೆ ವಿಜಯಾ ಔಷಧಿ, ಅಂದರೆ ಭಂಗಿ ಸೊಪ್ಪಿನಿಂದ ತಯಾರಾದ ಔಷಧಿ, ತೆಗೆದುಕೊಳ್ಳುವ ರೋಗಿಯೊಬ್ಬರಿಗೆ ಅವರ ಹಿತೈಷಿಗಳು ಕೊಟ್ಟ ಸಲಹೆ ಇದು. ಕೇಳಲು ಆಧುನಿಕವಾಗಿದೆ, ರೋಗಿಯ ಸ್ವಾತಂತ್ರ್ಯದ ಪರವಾಗಿಯೂ ಇದೆ. ಆದರೆ ತಪ್ಪು ಸಲಹೆ. ಜೊತೆಯಲ್ಲಿ ಉಂಡು ಮಲಗುವವರಿಂದ ಈ ಔಷಧಿಯನ್ನು ಮುಚ್ಚಿಡುವುದು ರೋಗಿಗೇ ಅಪಾಯ.

ಮೊದಲು ಕಾನೂನು. 1985ರ ಮಾದಕ ವಸ್ತು ಕಾಯ್ದೆ ಗಾಂಜಾ ಎಂದು ಕರೆಯುವುದು ಇದೇ ಭಂಗಿ ಗಿಡದ ಹೂ, ಕಾಯಿ ಬಿಟ್ಟ ತುದಿಗಳನ್ನು. ತುದಿಯಿಲ್ಲದ ಬರೀ ಎಲೆ ಮತ್ತು ಬೀಜ ಆ ವ್ಯಾಖ್ಯೆಯಿಂದ ಹೊರಗಿವೆ. ಎಲೆಯ ನಿಯಂತ್ರಣ ರಾಜ್ಯಗಳ ಅಬಕಾರಿ ಕಾನೂನಿಗೆ ಸೇರಿದ್ದು. 2022ರಲ್ಲಿ ಜಾಮೀನು ಪ್ರಕರಣವೊಂದರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಭಂಗಿ ಈ ಕಾಯ್ದೆಯಡಿ ನಿಷೇಧಿತ ವಸ್ತುವಲ್ಲ ಎಂದಿತು. ಜಾತೀಫಲಾದಿ ಚೂರ್ಣದಂಥ ಹಳೆಯ ಆಯುರ್ವೇದ ಔಷಧಿಯಲ್ಲಿ ಈ ಎಲೆ ಮೊದಲಿನಿಂದಲೂ ಇದೆ. ಆದರೆ ಇದೇ ಗಿಡವನ್ನು ಔಷಧ ನಿಯಮಗಳು ವಿಷಕಾರಿ ದ್ರವ್ಯಗಳ ಪಟ್ಟಿಯಲ್ಲೂ ಇಟ್ಟಿವೆ. ವೈದ್ಯರ ನಿಗಾದಲ್ಲೇ ಸೇವಿಸಬೇಕೆಂಬ ಎಚ್ಚರಿಕೆ ಲೇಬಲ್ಲಿನ ಮೇಲೆ ಇರಲೇಬೇಕು. ಅನುಮತಿ, ಎಚ್ಚರಿಕೆ ಎರಡೂ ಒಟ್ಟಿಗೇ ಇವೆ. ಮನೆಯವರಿಗೆ ತಿಳಿಯಬೇಕಾದದ್ದೂ ಈ ಎರಡೂ.

ಮನೆಯವರ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ಗಾಂಜಾ ಎಂದರೆ ಅವರು ಕಂಡಿರುವುದು ಪೊಲೀಸರು ಹಿಡಿದ ಮೂಟೆಗಳನ್ನು, ಓದು ಬಿಟ್ಟು ಹಾಳಾದ ಬೀದಿಯ ಹುಡುಗನನ್ನು, 2020ರಲ್ಲಿ ವಾರಗಟ್ಟಲೆ ಟೀವಿಯಲ್ಲಿ ನಡೆದ ಚಿತ್ರರಂಗದ ಡ್ರಗ್ಸ್ ಪ್ರಕರಣದ ಅಬ್ಬರವನ್ನು. ಅಂಥ ತಾಯಿಗೆ ಮಗಳ ಮಾತ್ರೆ ಡಬ್ಬಿಯ ಪಕ್ಕದಲ್ಲಿ ಆ ಸೀಸೆ ಒಂದು ದಿನ ತಾನಾಗಿ ಕಣ್ಣಿಗೆ ಬಿದ್ದರೆ ಏನನಿಸಬೇಕು? ನೆಟ್ಟಗೆ ಹೇಳಿದ್ದರೆ ಅದು ಔಷಧಿಯಾಗಿಯೇ ಇರುತ್ತಿತ್ತು. ಮುಚ್ಚಿಟ್ಟದ್ದರಿಂದಲೇ ಚಟವಾಗಿ ಕಾಣುತ್ತದೆ.

ಇದಕ್ಕಿಂತ ದೊಡ್ಡ ಕಾರಣ ದೇಹದ ಸುರಕ್ಷತೆ. ಈ ಗಿಡದ ಟಿಎಚ್‌ಸಿ ಅಂಶ ಮಂಪರು, ತಲೆಸುತ್ತು ತರಬಹುದು. ಎದ್ದು ನಿಂತಾಗ ರಕ್ತದೊತ್ತಡ ಇಳಿಸಬಹುದು. ಸಿಬಿಡಿ ಅಂಶ ಫಿಟ್ಸ್‌ಗೆ ಕೊಡುವ ಕ್ಲೊಬಾಜಮ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮುಂತಾದ ಔಷಧಿಗಳ ಪರಿಣಾಮವನ್ನು ಏರಿಸಬಹುದು. ರಾತ್ರಿ ಬಚ್ಚಲಲ್ಲಿ ಕಾಲು ಜಾರಿ ಬಿದ್ದ ಅಜ್ಜಿಯನ್ನು ಆಸ್ಪತ್ರೆಗೆ ಹೊತ್ತೊಯ್ಯುವವರು ಮಗ, ಸೊಸೆ. ಯಾವ ಯಾವ ಮಾತ್ರೆ ತಗೊಳ್ತಾರೆ ಎಂದು ಡ್ಯೂಟಿ ಡಾಕ್ಟರು ಕೇಳಿದಾಗ ಉತ್ತರ ಹೇಳಬೇಕಾದವರೂ ಅವರೇ. ನರಗಳ ಎಣ್ಣೆ ಎಂದಷ್ಟೇ ಗೊತ್ತಿರುವವರು ಅಲ್ಲಿ ಏನು ಹೇಳಿಯಾರು?

ಇಲ್ಲಿ ಮಾರ್ಫಿನ್‌ನ ಕಥೆಯನ್ನು ನೆನೆಯಬೇಕು. ಕ್ಯಾನ್ಸರಿನ ಕಡುನೋವಿಗೆ ಅದಕ್ಕಿಂತ ನಂಬಿಗಸ್ತ ಔಷಧಿಗಳು ಕಡಿಮೆ. ಆದರೂ 1985ರ ಕಾಯ್ದೆಯ ಬಿಗಿ ಹಿಡಿತಕ್ಕೆ ಹೆದರಿ ಆಸ್ಪತ್ರೆಗಳು, ಔಷಧಿ ಅಂಗಡಿಗಳು ಅದನ್ನು ಇಡುವುದನ್ನೇ ಬಿಟ್ಟವು. ದೇಶದಲ್ಲಿ ಅದರ ವೈದ್ಯಕೀಯ ಬಳಕೆ ಪಾತಾಳಕ್ಕಿಳಿಯಿತು. 2014ರ ತಿದ್ದುಪಡಿ ನಿಯಮವನ್ನು ಸಡಿಲಿಸಿತು, ಮನೆಯೊಳಗಿನ ಭಯವನ್ನು ಸಡಿಲಿಸಲಾಗಲಿಲ್ಲ. ಚಟ ಹತ್ತುತ್ತದೆ, ಅದು ಕೊನೆಗಾಲದ ಔಷಧಿ ಎಂದುಕೊಂಡು ಮಕ್ಕಳೇ ತಂದೆಗೆ ಮಾತ್ರೆ ಕೊಡಲು ಹಿಂಜರಿಯುತ್ತಾರೆ. ಆ ಭಯವನ್ನು ಕರಗಿಸಿದ್ದು ಮುಚ್ಚುಮರೆಯಲ್ಲ. ಉಪಶಮನ ಆರೈಕೆಯ ವೈದ್ಯರು, ದಾದಿಯರು ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೊತ್ತು ಹೊತ್ತಿಗೆ ಎಷ್ಟು ಕೊಡಬೇಕು, ಮಲಬದ್ಧತೆಗೆ ಏನು ಮಾಡಬೇಕು, ಯಾವಾಗ ಫೋನ್ ಮಾಡಬೇಕು ಎಂದು ಬಿಡಿಸಿ ಹೇಳಿದರು. ಹಾಗೆ ಹೇಳಿಸಿಕೊಂಡ ಮನೆಗಳಲ್ಲಿ ನೋವು ತಗ್ಗಿತು. ವಿಜಯಾ ಔಷಧಿಗೂ ಬೇಕಾಗಿರುವುದು ಇಂಥದೇ ಮಾತು.

ಇದಕ್ಕೆ ಎರಡು ಗಟ್ಟಿಯಾದ ಆಕ್ಷೇಪಗಳಿವೆ. ಒಂದು, ಎಲ್ಲ ಮನೆಗಳೂ ಒಂದೇ ಥರ ಇರುವುದಿಲ್ಲ. ಸೊಸೆಯ ಚಿಕಿತ್ಸೆಯನ್ನೇ ನೆಪ ಮಾಡಿಕೊಂಡು ಜರಿಯುವ ಮನೆಗಳಿವೆ. ಹುಡುಗಿಗೆ ಔಷಧಿಯಿದೆ ಎಂದ ಮಾತ್ರಕ್ಕೆ ಸಂಬಂಧ ಮುರಿದುಕೊಳ್ಳುವವರಿದ್ದಾರೆ. ಈ ಮಾತನ್ನು ಒಪ್ಪುತ್ತೇನೆ. ಊರಿಗೆಲ್ಲ ಸಾರಬೇಕೆಂದು ನಾನು ಹೇಳುತ್ತಿಲ್ಲ. ಕಷ್ಟಕಾಲದಲ್ಲಿ ಆಸ್ಪತ್ರೆಗೆ ಕರೆದೊಯ್ಯುವ ಒಬ್ಬರಿಗಾದರೂ, ಅದು ಅಕ್ಕನೋ ಅತ್ತಿಗೆಯೋ ಗೆಳತಿಯೋ, ಪೂರ್ತಿ ವಿಷಯ ತಿಳಿದಿರಬೇಕು.

ಎರಡನೆಯದು, ಔಷಧಿಯ ಗುಣವೇ ಇನ್ನೂ ಚರ್ಚೆಯಲ್ಲಿದೆ ಎಂಬುದು. ಇದೂ ನಿಜ. ಕೆಲವು ಬಗೆಯ ತೀವ್ರ ಫಿಟ್ಸ್‌ಗೆ ಸಿಬಿಡಿಯ ಔಷಧಿಯೊಂದನ್ನು ಅಮೆರಿಕ 2018ರಲ್ಲಿ ಒಪ್ಪಿತು. ಆದರೆ ದೀರ್ಘಕಾಲದ ನೋವಿಗೆ ಈ ಗಿಡದ ಔಷಧಿಗಳನ್ನು ಅನುಮೋದಿಸುವಷ್ಟು ಪುರಾವೆಯಿಲ್ಲ ಎಂದು ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2021ರಲ್ಲಿ ಹೇಳಿತು. ಗುಣ ಖಚಿತವಲ್ಲದಿದ್ದರೆ ಗಮನಿಸುವ ಇನ್ನೊಂದು ಜೊತೆ ಕಣ್ಣು ಹೆಚ್ಚು ಬೇಕು. ನಿದ್ದೆ ಬಂತೇ, ನಡಿಗೆ ತಪ್ಪಿತೇ, ಮಾತು ತೊದಲಿತೇ ಎಂಬುದು ರೋಗಿಗಿಂತ ಮೊದಲು ಮನೆಯವರಿಗೆ ತಿಳಿಯುತ್ತದೆ. ಇನ್ನು, ಶಿವನಿಗೆ ಪ್ರಿಯವಾದ ಸೊಪ್ಪು, ಹಾನಿಯೇನು ಎನ್ನುವವರಿಗೆ ಒಂದೇ ಮಾತು: ಭಕ್ತಿಯಿಂದ ಡೋಸ್ ನಿರ್ಧಾರವಾಗುವುದಿಲ್ಲ.

ಹೇಳುವಾಗ ಅರ್ಧ ಹೇಳಬೇಡಿ. ಯಾವ ಕಾಯಿಲೆಗೆ, ಯಾರು ಬರೆದದ್ದು, ಎಷ್ಟು ಹನಿ, ಯಾವಾಗ ನಿಲ್ಲಿಸಬೇಕು ಎಲ್ಲವನ್ನೂ ಹೇಳಿ. ಚೀಟಿಯನ್ನೂ ಲೇಬಲ್ಲನ್ನೂ ತೋರಿಸಿ. ಅಪ್ಪ ಅಮ್ಮನಿಗೆ ಸಂದೇಹವಿದ್ದರೆ ಮುಂದಿನ ಸಲ ವೈದ್ಯರ ಬಳಿಗೇ ಕರೆದೊಯ್ಯಿರಿ. ಮನೆಯಲ್ಲಿ ಮಕ್ಕಳಿದ್ದರೆ ಬೀಗದೊಳಗೆ ಇಡಿ. ಮನೆತನದಲ್ಲಿ ಯಾರಿಗಾದರೂ ತೀವ್ರ ಮನೋರೋಗವಿದ್ದರೆ ವೈದ್ಯರಿಗೆ ತಿಳಿಸಿ. ಟಿಎಚ್‌ಸಿ ಅಂಥ ಮನೆತನದ ರೋಗಿಗೆ ಕೇಡು ಮಾಡಬಹುದು, ಮತ್ತು ಆ ಚರಿತ್ರೆ ಹಿರಿಯರಿಗೇ ಚೆನ್ನಾಗಿ ಗೊತ್ತಿರುತ್ತದೆ. ದುಬೈಯಲ್ಲಿರುವ ಮಗನ ಮನೆಗೆ ಹೊರಟಾಗ ಆ ಸೀಸೆಯನ್ನು ಚೀಲಕ್ಕೆ ಹಾಕಬೇಡಿ. ನಮ್ಮ ವೈದ್ಯರ ಚೀಟಿ ಅಲ್ಲಿನ ಕಾನೂನಿನ ಎದುರು ನಿಲ್ಲುವುದಿಲ್ಲ. ಏನೆಂದು ತಿಳಿಯದೆ ಸೊಸೆ ಅದನ್ನು ಅತ್ತೆಯ ಚೀಲಕ್ಕೆ ತುಂಬಿದರೆ ಜೈಲಿನವರೆಗೂ ಹೋಗಬೇಕಾದೀತು.

ವೈದ್ಯರಲ್ಲಿ ನನ್ನ ವಿನಂತಿ ಇಷ್ಟು: ವಿಜಯಾ ಔಷಧಿ ಬರೆದುಕೊಡುವ ದಿನವೇ, ರೋಗಿ ಒಪ್ಪಿದರೆ, ಮನೆಯವರೊಬ್ಬರನ್ನು ಒಳಗೆ ಕರೆದು ಹತ್ತು ನಿಮಿಷ ಮಾತಾಡಿ. ಆ ಹತ್ತು ನಿಮಿಷವೂ ಚಿಕಿತ್ಸೆಯೇ.