'ತಿಳೀಲಿಲ್ಲ' ಅನ್ನೋದನ್ನ ಮೊದಲು ಕಲೀರಿ



ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯ ಮಕ್ಕಳು ಬಿಸಿಎ, ಕಂಪ್ಯೂಟರ್ ಸೈನ್ಸ್ ಅಂತ ಬೆಳಗಾವಿ, ಧಾರವಾಡ, ಹುಬ್ಬಳ್ಳಿಗೆ ಹೊರಟಿದ್ದಾರೆ. ಕಾಲೇಜಿನವರು ಮೊದಲ ವಾರ ಇಂಗ್ಲಿಷ್ ಸುಧಾರಿಸಿಕೊಳ್ಳಿ, ಟೈಮ್ ಟೇಬಲ್ ಹಾಕಿಕೊಳ್ಳಿ ಅಂತ ಭಾಷಣ ಮಾಡ್ತಾರೆ. ಮಾಡಲಿ. ಆದರೆ ನಮ್ಮ ಕೇರಿಯ ಹುಡುಗರು ಸೋಲೋದು ಅಲ್ಲಿ ಅಲ್ಲ.

ಹೋದ ವರ್ಷ ಸವದತ್ತಿ ತಾಲ್ಲೂಕಿನ ಒಬ್ಬ ಹುಡುಗ ನನ್ನ ಆಫೀಸಿಗೆ ಬಂದಿದ್ದ. ಮೊದಲ ಸೆಮಿಸ್ಟರ್‌ನಲ್ಲೇ ಮೂರು ವಿಷಯ ಹೋಗಿದ್ವು. "ಅಣ್ಣಾರ, ಕಂಪ್ಯೂಟರ್ ನಮ್ಮಂಥವರಿಗಲ್ರಿ, ಬಿಟ್ಬಿಡ್ತೀನಿ" ಅಂದ. ಕೂಡಿಸಿ ಚಹಾ ತರಿಸಿ ಕೇಳಿದೆ. ಲ್ಯಾಬಿನಲ್ಲಿ ಮೊದಲ ಸಿ ಪ್ರೋಗ್ರಾಂ ಬರೆದಾಗ ಪರದೆ ತುಂಬ ಎರರ್ ಬಂದಿದೆ. ಪಕ್ಕದವನು ಐದೇ ನಿಮಿಷದಲ್ಲಿ ಮುಗಿಸಿ ಮೊಬೈಲ್ ನೋಡ್ತಾ ಕೂತಿದ್ದ. ಅವನು ಜಾಣ, ನಾನು ದಡ್ಡ ಅಂತ ಇವನು ಅವತ್ತೇ ತೀರ್ಮಾನ ಮಾಡಿಬಿಟ್ಟ. ಪಕ್ಕದವನ ಮನೆಯಲ್ಲಿ ಆರನೇ ಕ್ಲಾಸಿನಿಂದ ಕಂಪ್ಯೂಟರ್ ಇತ್ತು. ಇವನು ಕೀಬೋರ್ಡ್ ಮುಟ್ಟಿದ್ದೇ ಅವತ್ತು. ಅಷ್ಟೆಲ್ಲ ಎರರ್‌ಗೆ ಕಾರಣ ಏನು ಗೊತ್ತಾ? ಒಂದು ಸಾಲಿನಲ್ಲಿ ಸೆಮಿಕೋಲನ್ ಬಿಟ್ಟುಹೋಗಿತ್ತು, ಅಷ್ಟೇ. ಹತ್ತು ವರ್ಷ ಕೆಲಸ ಮಾಡಿದ ಇಂಜಿನಿಯರ್‌ಗೂ ದಿನಾ ಎರರ್ ಬರ್ತದೆ. ಅದನ್ನು ಇವನಿಗೆ ಯಾರೂ ಹೇಳಿರಲಿಲ್ಲ.

"ಸರ್‌ನ ಕೇಳಬೇಕಿತ್ತಲ್ಲೋ ತಮ್ಮಾ" ಅಂದೆ. ತಲೆ ತಗ್ಗಿಸಿದ. ಮೊದಲ ದಿನ ಎಲ್ಲರೆದುರು ನಿಲ್ಲಿಸಿ "ನಿಂದು ಯಾವ ಕೋಟಾ?" ಅಂತ ಕೇಳಿದ್ದರಂತೆ. ಆಮೇಲೆ ಕೈ ಎತ್ತೋದು ಹೇಗೆ? ಇದಕ್ಕೆ ಆತ್ಮವಿಶ್ವಾಸದ ಕೊರತೆ ಅಂತ ಹೆಸರಿಡ್ತಾರೆ. ಬಾಯಿ ಮುಚ್ಚಿಸಿದವರಿಗೆ ಯಾವ ಹೆಸರೂ ಇಲ್ಲ.

ಹೊಸದಾಗಿ ಸೇರಿದ ತಮ್ಮಂದಿರೇ, ತಂಗಿಯರೇ, ಹಿಂದಿನ ಬೆಂಚು ಬಿಡ್ರಿ. ತಿಳಿಯದಿದ್ದರೆ ಅವತ್ತೇ ಕೇಳ್ರಿ, ಕ್ಲಾಸಿನಲ್ಲಿ ಆಗದಿದ್ದರೆ ಸ್ಟಾಫ್ ರೂಮಿಗೆ ಹೋಗ್ರಿ. ಬೇರೆಯವರ ರೆಕಾರ್ಡ್ ನಕಲು ಮಾಡಬೇಡ್ರಿ, ತಪ್ಪಾದರೂ ನೀವೇ ಟೈಪ್ ಮಾಡ್ರಿ. ಲ್ಯಾಪ್‌ಟಾಪ್ ಇಲ್ಲದಿದ್ದರೆ ಲ್ಯಾಬ್ ಖಾಲಿ ಇರೋ ಹೊತ್ತು ಕೇಳಿ ಪಡೀರಿ. ಐಐಟಿ ಬಾಂಬೆಯ 'ಸ್ಪೋಕನ್ ಟ್ಯುಟೋರಿಯಲ್'ನಲ್ಲಿ ಲಿನಕ್ಸ್, ಸಿ ಪಾಠಗಳು ಕನ್ನಡದಲ್ಲೇ ಪುಕ್ಕಟೆ ಸಿಗ್ತವೆ. ವಿಟಿಯು ಕಾಲೇಜಾದರೆ ಶೇ. 85 ಹಾಜರಿ ಬೇಕು, ಸುಗ್ಗಿ ಅಂತ ಹದಿನೈದು ದಿನ ಊರಿಗೆ ಬಂದು ಕೂತರೆ ಪರೀಕ್ಷೆಗೇ ಕುತ್ತು.

ಗುಮಾಸ್ತನಾಗಿ ಇನ್ನೊಂದು ಮಾತು. ಸ್ಕಾಲರ್‌ಶಿಪ್ ಇರಲಿ, ಹಾಸ್ಟೆಲ್ ಇರಲಿ, ಅವಮಾನದ ದೂರೇ ಇರಲಿ, ಬಾಯಿಮಾತಿನಲ್ಲಿ ಹೇಳಬೇಡ್ರಿ. ಅರ್ಜಿ ಬರೆದು ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲ್, ತಾರೀಖು ಹಾಕಿಸಿಕೊಳ್ರಿ. ಇನ್‌ವರ್ಡ್ ನಂಬರ್ ಇಲ್ಲದ ಕಾಗದ ಎಲ್ಲಿಗೆ ಹೋಗ್ತದೆ ಅಂತ ನನಗೆ ಚೆನ್ನಾಗಿ ಗೊತ್ತು.

ಇನ್ನು ನಮ್ಮ ಸಂಘಟನೆಗಳ ಗೆಳೆಯರಿಗೆ. ಶಾಲೆಯಲ್ಲಿ ಗೋಣಿಚೀಲದ ಮೇಲೆ ಬೇರೆ ಕೂತ ಬಾಬಾಸಾಹೇಬರು 1913ರಲ್ಲಿ ಕೊಲಂಬಿಯಾ ಸೇರಿದ ಕಥೆಯನ್ನು ಪ್ರತಿ ಏಪ್ರಿಲ್ 14ಕ್ಕೆ ಹೇಳ್ತೀವಿ. ಡಿಜೆಗೆ ಕೊಡೋ ದುಡ್ಡಿನಲ್ಲಿ ಎರಡು ಹಳೇ ಕಂಪ್ಯೂಟರ್ ಬರ್ತವೆ. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಹಿಡಿದ ನಮ್ಮವರು ವಾರಕ್ಕೊಂದು ತಾಸು ಫೋನಿನಲ್ಲಿ ಪಾಠ ಹೇಳಿದರೂ ಸಾಕು.

ಆ ಹುಡುಗ ಕಾಲೇಜು ಬಿಟ್ಟಿಲ್ಲ. ಎರಡು ವಿಷಯ ಪಾಸಾಗಿದ್ದಾನೆ, ಗಣಿತ ಇನ್ನೂ ಬಾಕಿ ಐತಿ. ಅವನಿಗೆ ಭಾನುವಾರ ಗಣಿತ ಹೇಳಿಕೊಡೋರು ಬೇಕು. ಯಾರಾದರೂ ಇದ್ದರೆ ನನಗೆ ತಿಳಿಸ್ರಿ.