ಆರು ತಿಂಗಳ ಕರಾರು

2025ನೆಯ ಇಸವಿಯ ಮೇ ತಿಂಗಳಲ್ಲಿ ಶ್ರೀಮತಿ ಬಾನು ಮುಷ್ತಾಕರವರ ಕಥೆಗಳಿಗೆ ಲಂಡನ್ ನಗರದಲ್ಲಿ ಅಂತರರಾಷ್ಟ್ರೀಯ ಬೂಕರ್ ಪಾರಿತೋಷಕವು ದೊರೆತ ವಾರ್ತೆಯನ್ನು ಕೇಳಿ ನಮ್ಮ ವಿದ್ಯಾರ್ಥಿನಿಯರು ಬಹಳವಾಗಿ ಹಿಗ್ಗಿದರು. ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ಹನ್ನೆರಡು ಕಥೆಗಳ ಆ ಸಂಪುಟದಿಂದ ಕನ್ನಡಕ್ಕೆ ಈ ಗೌರವವು ಮೊದಲ ಬಾರಿಗೆ ಬಂದಿತು. ಹಾಸನದಲ್ಲಿ ಹುಟ್ಟಿದ ಆಕೆಯು ಎಂಟನೆಯ ವಯಸ್ಸಿನಲ್ಲಿ ಇದೇ ಶಿವಮೊಗ್ಗೆಯ ಮಿಷನ್ ಶಾಲೆಯೊಂದಕ್ಕೆ ಸೇರಿದ್ದರೆಂಬುದು ನಮ್ಮ ಹಿಗ್ಗಿಗೆ ಇನ್ನೊಂದು ಕಾರಣವಾಯಿತು.

ಆರು ತಿಂಗಳೊಳಗಾಗಿ ಕನ್ನಡದ ಓದುಬರಹವನ್ನು ಕಲಿಯತಕ್ಕದ್ದೆಂಬ ಕರಾರಿನ ಮೇಲೆ ಅವರನ್ನು ಅಲ್ಲಿ ಸೇರಿಸಿಕೊಂಡರಂತೆ. ಬಾಲಕಿಯು ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. ಸಭೆಗಳಲ್ಲಿ ಈ ಸಂಗತಿಯನ್ನು ಹೇಳಿದಾಗಲೆಲ್ಲ ಚಪ್ಪಾಳೆ ಬೀಳುತ್ತದೆ. ನಮಗಾದರೋ ಕಲಿಯದೆಹೋದ ಇನ್ನೊಬ್ಬ ಹುಡುಗಿಯ ನೆನಪಾಗುತ್ತದೆ.

ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯು ಆರಂಭವಾದಂದಿನಿಂದ ತಮಿಳು, ತೆಲುಗು, ಉರ್ದು ಮನೆಮಾತಿನ ಕುಟುಂಬಗಳು ಅಲ್ಲಿ ನೆಲೆಸುತ್ತ ಬಂದಿವೆಯಷ್ಟೆ. 2017ರ ಜೂನ್ ತಿಂಗಳಲ್ಲಿ ಅಂಥ ಒಂದು ಮನೆಯ ತಾಯಿಯು ಹದಿಮೂರು ವರ್ಷದ ಮಗಳನ್ನು ಬೆಳಗಿನ ರೈಲಿನಲ್ಲಿ ನಮ್ಮಲ್ಲಿಗೆ ಕರೆತಂದಳು. ಹುಡುಗಿಯು ಏಳನೆಯ ತರಗತಿಯವರೆಗೆ ಪರವೂರಿನಲ್ಲಿ ತಮಿಳಿನಲ್ಲಿ ಓದಿದ್ದಳು. ನಾವು ಆಗ ಈ ಪದವಿಗೆ ಹೊಸಬರು; ಎಸ್.ಎಸ್.ಎಲ್.ಸಿ. ಫಲಿತಾಂಶದ ಚಿಂತೆ ತಲೆಯಲ್ಲಿತ್ತು. ನಾಲ್ಕು ಸಾಲು ಉಕ್ತಲೇಖನ ಕೊಟ್ಟೆವು. ಅವಳು ತನ್ನ ಹೆಸರನ್ನಷ್ಟೆ ಬರೆದು ಪೆನ್ಸಿಲನ್ನು ಕೆಳಗಿಟ್ಟಳು. “ಕನ್ನಡ ಕಲಿಸಿ ಬರುವ ವರ್ಷ ಕರೆತನ್ನಿರಿ” ಎಂದೆವು.

“ಒಳಗೆ ಬಂದ್ರೆ ತಾನೆ ಕಲಿಯೋದು, ಟೀಚರಮ್ಮ?” ಎಂದಳು ಆ ತಾಯಿ. ನಾವು ಅದಕ್ಕೆ ಉತ್ತರ ಕೊಡಲಿಲ್ಲ. ಮರುವರ್ಷ ಅವರು ಬರಲಿಲ್ಲ. ಹುಡುಗಿಯು ಮನೆಯಲ್ಲಿ ಊದುಬತ್ತಿ ಹೊಸೆಯುತ್ತಿರುವಳೆಂದು ಭದ್ರಾವತಿಯಿಂದ ಬರುವ ವಿದ್ಯಾರ್ಥಿನಿಯೊಬ್ಬಳು ತಿಳಿಸಿದಳು; ಆಮೇಲೆ ಮದುವೆಯಾಯಿತೆಂದೂ ಕೇಳಿದೆವು.

2010ರ ಏಪ್ರಿಲಿನಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯು ಆರರಿಂದ ಹದಿನಾಲ್ಕು ವರ್ಷದ ಮಕ್ಕಳನ್ನು ಸೇರಿಸಿಕೊಳ್ಳುವಾಗ ಪರೀಕ್ಷಿಸಕೂಡದೆಂದೂ, ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ಹಿಂದುಳಿದವರಿಗೆ ವಿಶೇಷ ತರಬೇತಿಯನ್ನು ಕೊಡಬೇಕೆಂದೂ ವಿಧಿಸಿತು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಲ್ಪಸಂಖ್ಯಾತರ ಸಂಸ್ಥೆಗಳನ್ನು ಈ ಕಾಯಿದೆಯ ಹೊರಗಿಟ್ಟಿತು. ಆದಕಾರಣ ನಮ್ಮಿಂದ ತಪ್ಪೇನೂ ನಡೆಯಲಿಲ್ಲವೆಂದು ಹಿತೈಷಿಗಳು ಸಮಾಧಾನ ಹೇಳುವುದುಂಟು. ಹೆಣ್ಣುಮಕ್ಕಳ ವಿದ್ಯೆಗೆಂದೇ ಕಟ್ಟಿದ ಮನೆಯು ಸರಕಾರದ ಶಾಲೆಗಿಂತ ಬಿಗಿಯಾಗಿ ಕದ ಹಾಕಿಕೊಳ್ಳುವುದು ನಮಗೆ ಸರಿದೋರದು. ಕಲಿಸುವ ಭಾರವು ಶಾಲೆಯದು. ಅದನ್ನು ನಾವು ಮಗುವಿನ ತಲೆಗೆ ಹೊರಿಸಿದೆವು.

ಬಾನುರವರು ಮುಂದೆ ಪತ್ರಕರ್ತೆಯಾಗಿಯೂ ವಕೀಲೆಯಾಗಿಯೂ ಕೆಲಸಮಾಡಿದರು. ಮಸೀದಿಯಲ್ಲಿ ಪ್ರಾರ್ಥಿಸಲು ಸ್ತ್ರೀಯರಿಗೂ ಹಕ್ಕುಂಟೆಂದು ಹೇಳಿದ್ದಕ್ಕೆ 2000ನೆಯ ಇಸವಿಯಲ್ಲಿ ಮೂರು ತಿಂಗಳು ಬಹಿಷ್ಕಾರವನ್ನು ಅನುಭವಿಸಿದರು. ಆ ಧೈರ್ಯವನ್ನು ನಾವೆಲ್ಲರೂ ಕೊಂಡಾಡುತ್ತೇವೆ. (ಪರರ ಮನೆಯ ಬಾಗಿಲನ್ನು ಕುರಿತು ಮಾತಾಡುವುದು ಯಾವಾಗಲೂ ಸುಲಭವೇ.)

ಬರುವ ಜೂನ್ ತಿಂಗಳಿನಿಂದ ನಮ್ಮಲ್ಲಿ ಪ್ರವೇಶಕ್ಕೆ ಉಕ್ತಲೇಖನವಿರುವುದಿಲ್ಲ. ಕನ್ನಡ ಬಾರದೆ ಬರುವವರಿಗೆ ಪ್ರತಿದಿನ ಸಂಜೆ ಒಂದು ಗಂಟೆ ಪಾಠ ಹೇಳಲು ಇಬ್ಬರು ಉಪಾಧ್ಯಾಯಿನಿಯರು ಒಪ್ಪಿರುತ್ತಾರೆ. ಭದ್ರಾವತಿಯ ಮಕ್ಕಳಿಗೆ ಸಂಜೆಯ ರೈಲು ತಪ್ಪುವುದಾದ್ದರಿಂದ ಅವರಿಗೆ ಅವರ ಊರಿನಲ್ಲಿಯೇ ಶನಿವಾರದ ಪಾಠವು ನಡೆಯಬೇಕಾಗಿದೆ. ಅಲ್ಲಿ ವಾಸವಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರಾದರೂ ತಮ್ಮ ಮನೆಯ ಜಗಲಿಯನ್ನೂ ಎರಡು ಗಂಟೆಯ ಹೊತ್ತನ್ನೂ ಕೊಡಬಲ್ಲವರಿದ್ದರೆ ಮೇ ತಿಂಗಳೊಳಗಾಗಿ ನಮಗೆ ತಿಳಿಸಬೇಕೆಂದು ಕೋರುತ್ತೇವೆ.