ಎಲೆಯ ಮೇಲಿನ ಕೆಂಧೂಳು

ಧೂಳು ನೆಲಕ್ಕಿಳಿದರೆ ಪೀಡೆ ತೊಲಗಿತೆಂದು ಬಹುಮಂದಿ ಭಾವಿಸುತ್ತಾರೆ. ಕಾರವಾರ, ಅಂಕೋಲೆಗಳ ಅನುಭವ ಬೇರೆಯೇ ಆಗಿದೆ. 2010ಕ್ಕೆ ಮುಂಚಿನ ಕೆಲವು ವರ್ಷಗಳಲ್ಲಿ ಬಳ್ಳಾರಿ ಸೀಮೆಯ ಕಬ್ಬಿಣದ ಅದಿರು ಲಾರಿಗಳಲ್ಲಿ ಅರಬೈಲು ಘಟ್ಟವನ್ನಿಳಿದು ಬೇಲೆಕೇರಿ ಮತ್ತು ಕಾರವಾರ ಬಂದರುಗಳನ್ನು ಸೇರುತ್ತಿತ್ತು. ದಾರಿಯ ಇಕ್ಕೆಲದ ಮರಗಳು ಕೆಂಬಣ್ಣ ತಾಳಿದ್ದವು.

ಧೂಳಿನ ಪದರವು ಬೆಳಕನ್ನು ತಡೆಯುತ್ತದೆ. ಎಲೆ ಉಸಿರಾಡುವ ಸೂಕ್ಷ್ಮ ರಂಧ್ರಗಳನ್ನು ಮುಚ್ಚುತ್ತದೆ. ಮಳೆ ಅದನ್ನು ತೊಳೆಯುವುದೇನೋ ನಿಜ. ಆದರೆ ತೊಳೆದದ್ದು ಹೋಗುವುದೆಲ್ಲಿಗೆ? ಹಳ್ಳ ಹಿಡಿದು ಗಂಗಾವಳಿಗೆ, ಅಲ್ಲಿಂದ ಅಳಿವೆಗೆ. ಅಳಿವೆಗಳ ಕೆಸರಿನಲ್ಲಿ ಕಾಂಡ್ಲ ಗಿಡಗಳು ಬೇರು ಚಾಚಿ ಉಸಿರಾಡುತ್ತವೆ. ಸಿಗಡಿ, ಏಡಿ, ಮೀನುಮರಿಗಳು ಆ ಬೇರುಗಳ ನಡುವೆಯೇ ಬೆಳೆಯುತ್ತವೆ. ಘಟ್ಟದಲ್ಲಿ ಹಾರಿದ ಧೂಳಿನ ಲೆಕ್ಕ ಕೊನೆಗೆ ಮೀನುಗಾರನ ಬಲೆಗೆ ಬರಬಹುದು.

1981ರ ವಾಯುಮಾಲಿನ್ಯ ಕಾಯಿದೆಯು ಮನುಷ್ಯರೊಡನೆ ಇತರ ಜೀವಿಗಳನ್ನೂ ಸಸ್ಯಗಳನ್ನೂ ಹೆಸರಿಸಿದೆ. ಆದರೂ ಗಾಳಿಮಾಪಕವು ಅಳೆಯುವುದು ತೇಲುವ ಕಣವನ್ನು. ಇಳಿದ ಕಣ ಅದರ ಲೆಕ್ಕಕ್ಕೆ ಸೇರದು.

2010ರಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತನ್ನು ನಿಷೇಧಿಸಿತು. ಅದಕ್ಕೆ ಕಾರಣ ಅಕ್ರಮ ಸಾಗಾಟ; ಮರಗಿಡಗಳ ಚಿಂತೆ ಯಾರಿಗಿತ್ತು? 2022ರಲ್ಲಿ ಸರ್ವೋಚ್ಚ ನ್ಯಾಯಾಲಯವು ರಫ್ತಿಗೆ ಮತ್ತೆ ಅನುಮತಿ ನೀಡಿತು. ಅದಿರು ಪುನಃ ಈ ಹಾದಿ ಹಿಡಿಯುವುದಾದರೆ ಲಾರಿಗಳಿಗೆ ಬಿಗಿಯಾದ ಹೊದಿಕೆ, ಬಂದರಿನ ರಾಶಿಗಳಿಗೆ ಮಾಡು, ಅಳಿವೆಯ ಕೆಸರಿನ ಪರೀಕ್ಷೆ ಇವೆಲ್ಲ ಮೊದಲ ಲಾರಿ ಘಟ್ಟವಿಳಿಯುವ ಮುನ್ನವೇ ಸಿದ್ಧವಾಗಿರಬೇಕು.